ಹಳ್ಳಕ್ಕೆ ಬಿಟ್ಟ ಕೊಟ್ಟೆ

ನಮ್ಮ ಸಿದ್ದಾಪುರದ ಕಡೆ, ಮಳೆಗೆ ಕೊಳೆರೋಗ ತಾಗದಿರಲೆಂದು ಅಡಿಕೆಗೊನೆಗೆ ಕಟ್ಟುವ ಹೊದಿಕೆಗೆ ಕೊಟ್ಟೆ ಎನ್ನುತ್ತೇವೆ. ಅಪ್ಪನ ಕಾಲದಲ್ಲಿ ಅದು ಕರಡ ಹುಲ್ಲಿನದು. ಕೊಯ್ಲು ಮುಗಿದ ಮೇಲೆ ಬಿಚ್ಚಿ ಹಳ್ಳದ ದಂಡೆಗೆ ಎಸೆದರೆ ಕೊಳೆತು ಮಣ್ಣಾಗುತ್ತಿತ್ತು. ಈಗ ಪ್ಲಾಸ್ಟಿಕ್ಕಿನದು. ಹೆಸರು ಅದೇ ಉಳಿದದ್ದರಿಂದಲೋ ಏನೋ, ಎಸೆಯುವ ಜಾಗವೂ ಅದೇ ಉಳಿಯಿತು.

ತೋಟ ಈಗ ತಮ್ಮನದು, ಹಿರಿಯಕ್ಕ ನಾನೂ ಅದೇ ಮನೆಯಲ್ಲಿದ್ದೇನೆ. ಹೋದ ವರ್ಷ ಮಳೆಗಾಲದ ಮೊದಲು ನಮ್ಮಿಬ್ಬರಿಗೂ ಕಿರಿಯವಳಾದ ತಂಗಿ ತವರಿಗೆ ಬಂದಿದ್ದಳು. ನಮ್ಮ ಹಳ್ಳದ ನೀರು ಹೋಗುವುದು ಅಘನಾಶಿನಿ ಹೊಳೆಗೆ; ಅದು ಕಡಲು ಸೇರುವ ಅಳಿವೆಯ ಪಕ್ಕ ಅವಳ ಗಂಡನ ಮನೆ. ನೀರು ಇಳಿದಾಗ ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಮಾರುವುದೇ ಅವರ ಜೀವನ. ಕೆಲವು ಹಂಗಾಮಿನಿಂದ ಬಳಚು ಸಣ್ಣದಾಗುತ್ತ, ಕಡಿಮೆಯಾಗುತ್ತ ಬಂದಿತ್ತು. ಕಾಲೇಜಿನಲ್ಲಿ ಕಡಲಜೀವಿಗಳ ಬಗ್ಗೆ ಓದುವ ಅವಳ ಮಗಳು ಅದರ ಹೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಾಯಿಗೆ ವಿವರಿಸಿದ್ದಳು. ಬಳಚು ನೀರು ಸೋಸಿ ಉಣ್ಣುತ್ತದೆ. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿಯೂ ಒಳಗೆ ಹೋಗುತ್ತದೆ. ಹೊಟ್ಟೆ ತುಂಬಿದರೂ ಮೈ ಬೆಳೆಯುವುದಿಲ್ಲ. ಪುಡಿಯ ವಿಷ ಮರಿಗಳನ್ನೂ ಕೆಡಿಸುತ್ತದೆ.

ಕಾಲು ತೊಳೆಯಲು ಹಳ್ಳಕ್ಕೆ ಇಳಿದ ತಂಗಿ ಅಲ್ಲಿಂದಲೇ ಕೂಗಿದಳು. ನಾನೂ ತಮ್ಮನೂ ಓಡಿದೆವು. ದಂಡೆಯ ಮೇಲೆ ಹಳೆಯ ಕೊಟ್ಟೆಗಳ ರಾಶಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಮೇಲೆ ಮೋಡ ಕಪ್ಪಾಗಿತ್ತು.

"ಅಣ್ಣಾ, ಇದೆಲ್ಲ ಎಲ್ಲಿಗೆ ಹೋತದೆ?" ಅವಳು ತಮ್ಮನನ್ನು ಕೇಳಿದಳು.

"ಹಳ್ಳ ತಕಂಡು ಹೋತದೆ. ಯಾವಾಗ್ಲೂ ಹಾಂಗೇ ಅಲ್ದನೇ?"

"ತಕಂಡು ಹೋಗಿ ನನ್ನ ಬುಟ್ಟಿಗೆ ಹಾಕ್ತದೆ! ಒಳ್ಳೇ ಬಾಗಿನ ಕಳಸ್ತಿ ಮಾರಾಯ, ವರ್ಷಾ ವರ್ಷಾ."

ತಮ್ಮ ನಕ್ಕ. ಅವಳು ನಗಲಿಲ್ಲ.

ನನ್ನ ಊಟದ ಹೊತ್ತು ತಪ್ಪುವುದಿಲ್ಲ, ಅಂದು ತಪ್ಪಿತು. ಗೊಬ್ಬರದ ಖಾಲಿ ಚೀಲಗಳನ್ನು ತಂದು ಹಂಚಿದೆ. "ಎಳೀಬೇಡಿ, ಎತ್ತಿ. ನೀರಿನ ಬದಿಯಿಂದ ಶುರು ಮಾಡಿ" ಎಂದೆ. ಎತ್ತಿದರೂ ಕೈಯಲ್ಲೇ ಮುರಿಯುತ್ತಿತ್ತು. ಅರ್ಧ ರಾಶಿ ಮುಗಿಯುವ ಮೊದಲೇ ಮಳೆ ಹೊಡೆಯಿತು. ತಮ್ಮ ಮೀನಿನ ಬಲೆ ತಂದು ಹಳ್ಳಕ್ಕೆ ಅಡ್ಡ ಕಟ್ಟಿದ. ದೊಡ್ಡ ತುಂಡುಗಳು ಸಿಕ್ಕಿದವು.

"ಸಣ್ಣದೆಲ್ಲ ದಾಟ್ತಾ ಇದೆ!" ತಂಗಿ ನೀರಿಗೆ ಇಳಿದು ಸೆರಗನ್ನೇ ಬಲೆಗೆ ಒಡ್ಡಿ ನಿಂತಳು. ನೀರು ಮೊಣಕಾಲು ದಾಟಿ ಸೊಂಟಕ್ಕೆ ಬರುತ್ತಿತ್ತು.

"ಮೇಲೆ ಬಾ!"

"ತಡಿ ಅಕ್ಕಾ, ಇನ್ನೊಂಚೂರು..."

ನಾನು ರಟ್ಟೆ ಹಿಡಿದು ಎಳೆದೆ. ಅವಳು ದಂಡೆ ಹತ್ತುವಷ್ಟರಲ್ಲಿ ಉಳಿದ ರಾಶಿಯನ್ನು ಹಳ್ಳ ಎತ್ತಿಕೊಂಡು ಹೋಯಿತು.

ಜಗಲಿಯಲ್ಲಿ ತಲೆ ಒರೆಸುತ್ತ ತಮ್ಮ ಹೇಳಿದ, "ಮುಂದಿನ ವರ್ಷ ಕೊಟ್ಟೆ ಬೇಡ. ಕೊಳೆಗೆ ಮದ್ದೇ ಹೊಡಸ್ತೆ."

"ಮೈಲುತುತ್ತದ್ದಾ? ಆ ವಿಷಾನೂ ಇದೇ ಹಳ್ಳಕ್ಕೆ ಇಳೀತದಲ್ಲ, ಅಣ್ಣ."



ಈ ಮಳೆಗಾಲ ಹಳ್ಳದ ಬದಿಯ ಸಾಲುಗಳಿಗೆ ಅವನು ಕೊಟ್ಟೆ ಕಟ್ಟಿಲ್ಲ, ಮದ್ದೂ ಹೊಡೆಸಿಲ್ಲ. ಅಲ್ಲಿ ಕೊಳೆ ತಗುಲಿ ಎಳೆಗಾಯಿ ಉದುರುತ್ತಿದೆ. ದಿನಾ ಬೆಳಿಗ್ಗೆ ಹೋಗಿ ಹೆಕ್ಕಿ ತರುತ್ತಾನೆ. ತಂಗಿಯ ಫೋನು ಬಂದರೆ ಉದುರಿದ ಕಾಯಿಯ ಮಾತು ಮಾತ್ರ ಎತ್ತುವುದಿಲ್ಲ.