ಬೆರಳಿಗೆ ಸಿಗದ ಬೆಳ್ಳಿ

ಸ್ವೇನುಂಗ್ ನಮ್ಮ ಸೇತೆಸ್ದಾಲ್ ಕಣಿವೆಯಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಒಂದು ದಿನ ತಡ ಮಾಡಿದವನಲ್ಲ, ಒಂದು ಮಾತು ಹೆಚ್ಚಾಡಿದವನೂ ಅಲ್ಲ. ಅಂಥವನು ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಬೆಳ್ಳಿ ಕೆಲಸ ಮಾಡುವ ಕೊಟ್ಟಿಗೆಗೆ ಬಂದು, ಟೋಪಿ ತೆಗೆದು, ಕಾಲು ಗಂಟೆ ಹವೆಯ ವಿಚಾರ ಮಾತಾಡಿದ. ಏನೋ ದೊಡ್ಡದೇ ಇದೆ ಅಂದುಕೊಂಡೆ.

"ತಲ್ಲಾಕ್, ನಂಗೊಂದು ಕತ್ತಿ ಬೇಕು," ಅಂದ ಕೊನೆಗೆ.

"ಈ ವಯಸ್ಸಲ್ಲಿ ಯಾರ ಮೇಲೆ ಯುದ್ಧಕ್ಕೆ ಹೊರಟೆ ಮಾರಾಯ?"

ಅವನು ನಗಲಿಲ್ಲ. "ಗುನ್ವೋರ್‌ಗೆ ಕಣೋ. ಅವಳಿಗೆ ಸಿಕ್ಕಿತ್ತಲ್ಲ, ಅದೇ ಥರದ್ದು."

ಆ ಕತೆ ಕಣಿವೆಗೆಲ್ಲ ಗೊತ್ತು. ಗುನ್ವೋರ್ ಅವನ ಹೆಂಡತಿ. ಕಡಲತೀರದಿಂದ ಮದುವೆಯಾಗಿ ಬಂದ ವರ್ಷ ಆಲೂಗಡ್ಡೆ ಅಗೆಯುವಾಗ ಅವಳ ಗುದ್ದಲಿಗೆ ಒಂದು ವೈಕಿಂಗ್ ಕತ್ತಿ ಸಿಕ್ಕಿತು. ಅಲಗು ತುಕ್ಕು ಹಿಡಿದು ಅರ್ಧ ಉದುರಿತ್ತು, ಹಿಡಿ ಮಾತ್ರ ಗಟ್ಟಿಯಾಗಿತ್ತು. ನೆಲದಿಂದ ಬಂದ ಅಷ್ಟು ಹಳೆಯದೆಲ್ಲ ಸರ್ಕಾರದ್ದು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಆದರೂ ಅವಳು ಯಾರಿಗೂ ಹೇಳದೆ ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ಊರು ಹೊಸದು, ಅತ್ತೆಯ ಬಾಯಿ ಜೋರು, ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿಲ್ಲ. ಹಿಟ್ಟು ತರಲು ಹೋದಾಗಲೆಲ್ಲ ಒಳಗೆ ಕೈಯಿಟ್ಟು ಆ ಹಿಡಿಯನ್ನು ಸವರಿ ಬರುತ್ತಿದ್ದಳಂತೆ. ಐದನೆಯ ದಿನ ಅದು ಸ್ವೇನುಂಗ್ ಕಣ್ಣಿಗೆ ಬಿತ್ತು. ಅವನು ಕಂಬಳಿಯಲ್ಲಿ ಸುತ್ತಿ ಮ್ಯೂಸಿಯಮ್ಮಿಗೆ ಕೊಟ್ಟುಬಂದ.

"ಕಾನೂನು ಪ್ರಕಾರ ಸರಿಯಾಗೇ ಮಾಡ್ದೆ," ಅಂದ. "ಆದ್ರೆ ಅವಳನ್ನ ಒಂದು ಮಾತು ಕೇಳ್ಲಿಲ್ಲ. ಈ ಊರಲ್ಲಿ ಅವಳದು ಅಂತ ಇದ್ದಿದ್ದೇ ಅದೊಂದು. ಐವತ್ನಾಲ್ಕು ವರ್ಷ ಆಯ್ತು, ಅವಳೂ ಆ ಮಾತೆತ್ತಿಲ್ಲ, ನಾನೂ ಎತ್ತಿಲ್ಲ." ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಮುಂದುವರಿಸಿದ: "ಅವಳ ಕಣ್ಣು ಹೋಗ್ತಾ ಇದೆ. ಈಸ್ಟರ್ ಹೊತ್ತಿಗೆ ಏನೂ ಕಾಣಲ್ಲ ಅಂದಿದಾರೆ ಡಾಕ್ಟರು. ಅಷ್ಟರೊಳಗೆ ಅವಳು ಅದನ್ನ ಒಂದ್ಸಲ ನೋಡ್ಬೇಕು. ಸಿಕ್ಕಾಗ ಹೇಗಿತ್ತೋ ಹಾಗೇ ಮಾಡು. ಹೆಚ್ಚುಕಮ್ಮಿ ಬೇಡ."

ಒಪ್ಪಿಕೊಂಡೆ. ಅಲಗಿನ ಕೆಲಸ ಪಕ್ಕದ ಕಣಿವೆಯ ಕಮ್ಮಾರನಿಗೆ ವಹಿಸಿದೆ, ಹಿಡಿ ನನ್ನದು. ಮ್ಯೂಸಿಯಮ್ಮಿನವರು ಕೈಗವಸು ತೊಡಿಸಿ ಎರಡು ದಿನ ಅಳತೆಗೆ ಬಿಟ್ಟರು. ಆ ಕಾಲದವರು ಹಿಡಿಯ ತುದಿಯ ಗುಬುಟಿನ ಮೇಲೂ ಅಲಗಿನ ಬುಡದ ಅಡ್ಡಪಟ್ಟಿಯ ಮೇಲೂ ಒತ್ತಾಗಿ ಗೀರು ಕೊರೆದು, ಅದರೊಳಗೆ ಬೆಳ್ಳಿ, ತಾಮ್ರದ ತಂತಿ ಬಡಿದು ಕೂರಿಸಿದ್ದರು. ಈಗ ಮುಕ್ಕಾಲು ಬೆಳ್ಳಿ ಉದುರಿ ಬರೀ ಗೀರು, ಬರೀ ಕುಳಿ. ಅಂಥ ಕೈಕೆಲಸ ಆ ಗತಿಗೆ ಬಂದದ್ದು ನನಗೆ ಸಹಿಸಲಾಗಲಿಲ್ಲ. ಮೊದಲು ಮಾಡಿದವನ ಕೈಯಲ್ಲಿ ಹೇಗೆ ಹೊಳೆದಿತ್ತೋ ಹಾಗೆ ಪೂರ್ತಿ ಮಾಡಬೇಕು ಅಂತ ಅಲ್ಲೇ ನಿಶ್ಚಯಿಸಿದೆ. ಸ್ವೇನುಂಗ್ ಕೇಳಿದ್ದು ಅದನ್ನಲ್ಲ. ನನ್ನ ಕಿವಿಯೇನೂ ಕೆಟ್ಟಿರಲಿಲ್ಲ, ಬಸ್ಸಿನವನಿಗೆ ಬೆಳ್ಳಿಯ ವಿಚಾರ ಏನು ಗೊತ್ತು ಎಂಬ ಕೊಬ್ಬು ಅಷ್ಟೆ.

ನಮ್ಮ ಕಸುಬಿನಲ್ಲಿ ಕೆಲಸ ಮುಗಿಯಿತೇ ಅಂತ ನೋಡುವುದು ಕಣ್ಣು ಮುಚ್ಚಿಕೊಂಡು. ಬೆರಳಾಡಿಸಿದರೆ ಕಬ್ಬಿಣ ಎಲ್ಲಿ ಮುಗಿಯಿತು, ಬೆಳ್ಳಿ ಎಲ್ಲಿ ಶುರುವಾಯಿತು ಅನ್ನುವುದು ಗೊತ್ತೇ ಆಗಬಾರದು. ಜನವರಿಯಲ್ಲಿ ಒಂದು ಸಾಲು ಕೂದಲೆಳೆಯಷ್ಟು ಸೊಟ್ಟಗಾಯಿತು, ಇಡೀ ಪಕ್ಕವನ್ನು ಕಿತ್ತು ಮತ್ತೆ ಹಾಕಿದೆ. ಫೆಬ್ರವರಿಯಲ್ಲಿ ಮತ್ತೆ ಕಿತ್ತೆ. ಸ್ವೇನುಂಗ್ ಪ್ರತಿ ಮಂಗಳವಾರ ಬರುತ್ತಿದ್ದ.

"ಚೆನ್ನಾಗೇ ಇದೆಯಲ್ಲೋ."

"ನಿನ್ನ ಕಣ್ಣಿಗೆ."

"ಅವಳು ಈಗ ಕಾಫಿ ಬಟ್ಟಲನ್ನ ತಡಕಾಡಿ ಹುಡುಕ್ತಾಳೆ ತಲ್ಲಾಕ್."

"ಅರ್ಜೆಂಟಾಗಿ ಬೇಕಿದ್ರೆ ಅಂಗಡೀಲಿ ಪ್ಲಾಸ್ಟಿಕ್ಕಿಂದು ಸಿಗತ್ತೆ ಹೋಗು," ಅಂದೆ. ಅಷ್ಟು ಕಟುವಾಗಿ ಅಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಈಸ್ಟರ್ ಕಳೆದು ಎಂಟು ದಿನಕ್ಕೆ ಕತ್ತಿ ತೆಗೆದುಕೊಂಡು ಹೋದೆ. ಗುನ್ವೋರ್ ಅಡುಗೆಮನೆಯಲ್ಲಿ ಕೂತಿದ್ದಳು. ಬಾಗಿಲ ಕಡೆ ಮುಖ ಮಾಡಿದಳು, ಆದರೆ ನೋಟ ನನ್ನ ಪಕ್ಕದ ಗೋಡೆಯ ಮೇಲಿತ್ತು. ನಾನು ತಡಮಾಡಿದ್ದೆ. ಸ್ವೇನುಂಗ್ ಕತ್ತಿಯನ್ನು ತೆಗೆದು ಅವಳ ಮಡಿಲಲ್ಲಿಟ್ಟ.

ಅವಳ ಕೈ ನೇರ ಹಿಡಿಗೆ ಹೋಯಿತು. ಗುಬುಟಿನ ಸುತ್ತ ಒಂದು ಸಲ ಬೆರಳಾಡಿಸಿದಳು, ಮತ್ತೊಂದು ಸಲ.

"ಕತ್ತಿ ಅಲ್ವಾ? ತುಂಬಾ ಚೆನ್ನಾಗಿದೆ," ಅಂದಳು, ನೆಂಟರ ಮನೆಯ ಊಟ ಹೊಗಳುವ ಹಾಗೆ. "ಯಾರದು?"

"ನಿಂದೇ ಗುನ್ವೋರ್. ಆ ಹೊಲದ್ದು," ಅಂದ ಸ್ವೇನುಂಗ್.

ಅವಳು ಮೂರನೆಯ ಸಲ ಸವರಿದಳು. "ಇಲ್ಲಪ್ಪ. ಅದು ಒರಟಾಗಿತ್ತು. ಕಣ್ಣಲ್ಲಿ ನಾನದನ್ನ ಸರಿಯಾಗಿ ನೋಡೇ ಇಲ್ಲ, ಕೈಗೆ ಮಾತ್ರ ಪೂರ್ತಿ ಗೊತ್ತಿತ್ತು. ಇದು ಮಂಜುಗಡ್ಡೆ ಥರ ಇದೆ."

ಸ್ವೇನುಂಗ್ ಹೋಗಿ ಕಿಟಕಿಯ ಹತ್ತಿರ ನಿಂತ. ಆ ಬೆನ್ನನ್ನು ನೋಡಲು ನನ್ನಿಂದಾಗಲಿಲ್ಲ. ಕಣ್ಣಿಗೆ ತೋರಿಸುವ ಹೊತ್ತನ್ನೂ ನಾನೇ ಕಳೆದಿದ್ದೆ, ಬೆರಳಿಗೆ ಸಿಗುವುದನ್ನೂ ನಾನೇ ಉಜ್ಜಿ ಅಳಿಸಿದ್ದೆ. ಕೋಟಿನ ಜೇಬಿನಲ್ಲಿ ಕೊರೆಯುವ ಉಳಿ ಯಾವಾಗಲೂ ಇರುತ್ತದೆ. ಕುರ್ಚಿ ಎಳೆದು ಅವಳ ಮುಂದೆ ಕೂತು ಹಿಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಎಲ್ಲೆಲ್ಲಿ ಏನು ಸಿಗ್ತಿತ್ತು, ಹೇಳು."

ಅವಳು ಯೋಚಿಸಲೇ ಇಲ್ಲ. "ಹೆಬ್ಬೆರಳು ಕೂರೋ ಕಡೆ ಮೂರು ಕುಳಿ. ಮೂರನೇದು ಆಳ. ಅದರ ಕೆಳಗೆ ಬಾಚಣಿಗೆ ಹಲ್ಲಿನ ಥರ ಗೀರು."

ಉಳಿಯ ಮೊನೆ ಕೊಟ್ಟು ಮೊದಲ ತಂತಿಯ ತುದಿ ಎಬ್ಬಿಸಿದೆ. ಚಳಿಗಾಲವೆಲ್ಲ ಕೂರಿಸಿದ ಬೆಳ್ಳಿ ಸುರುಳಿಸುರುಳಿಯಾಗಿ ಅವಳ ಏಪ್ರನ್ನಿನ ಮೇಲೆ ಬಿತ್ತು.

"ಸಂಕಟ ಆಗ್ತಿದೆಯಾ ತಲ್ಲಾಕ್?"

"ಆಗ್ತಿದೆ. ನೀನು ಬೆರಳಾಡ್ಸು."

ಒಂದು ಕುಳಿ ತೆರೆದೆ, ಎರಡನೆಯದು ತೆರೆದೆ. "ಇನ್ನೂ ಆಳ, ಇನ್ನೂ," ಅನ್ನುತ್ತ ಅವಳು ಮಾಡಿಸಿಕೊಂಡಳು. ಮೂರನೆಯದರಲ್ಲಿ ಹೆಬ್ಬೆರಳು ಇಳಿದು ಅಲ್ಲೇ ನಿಂತಿತು.

"ಸ್ವೇನುಂಗ್, ಬಾ ಇಲ್ಲಿ," ಅಂದಳು ಆಮೇಲೆ. "ಕೈ ಕೊಡು."

ಅವನು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಅವನ ದಪ್ಪ ಬೆರಳನ್ನು ಹಿಡಿದು ಆ ಕುಳಿಯೊಳಗೆ ಇಟ್ಟಳು.

"ಅವತ್ತು ನೀನು ಕೇಳಿದ್ದಿದ್ರೆ ಇದನ್ನೇ ತೋರಿಸ್ತಿದ್ದೆ."

ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳಿಗೆ ಅದು ಕಾಣುವಂತಿರಲಿಲ್ಲ.

"ಈಗ ಕೇಳ್ತಾ ಇದೀನಿ," ಅಂದ. "ತೋರ್ಸು."