ತಾಯಂದಿರ ಬಂಧು ಹರಿಶ್ಚಂದ್ರಣ್ಣ
ವರ್ತಕ ನಗರದಲ್ಲಿ ಬಾಣಂತಿಯರ ಸಾಮಾನು ಮಾರುವ ನಮ್ಮ ಹರಿಶ್ಚಂದ್ರಣ್ಣನವರನ್ನು ಅಂಗಡಿಯವರು ಎಂದರೆ ಸಿಟ್ಟು ಬರುತ್ತದೆ; ಅವರು ‘ಮಾತೃಸೇವಕ’ರು, ಬೋರ್ಡಿನಲ್ಲೇ ಬರೆಸಿದ್ದಾರೆ. ಎದೆಹಾಲು ಹಿಂಡುವ ಪಂಪನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಎತ್ತಿ ಕೊಡುತ್ತಾರೆ. ಹಾಲೂಡಿಸುವ ದಿಂಬನ್ನು ತಮ್ಮ ಬೊಜ್ಜಿಗೇ ಕಟ್ಟಿಕೊಂಡು, ಮೇಲೊಂದು ಗೊಂಬೆ ಮಲಗಿಸಿ, “ಹೆತ್ತವರ ಕಷ್ಟ ನನಗೆ ಗೊತ್ತುಂಟು ಅಮ್ಮಾ” ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಸ್ವಂತ ಮಗ ಅತ್ತಾಗಲೆಲ್ಲ ಈ ಸೇವಕರು ಬಾಲ್ಕನಿ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರೆಂದು ಹೆಂಡತಿಯೇ ಹೇಳುವುದುಂಟು. ಅಂಗಡಿಯ ನಡುವೆ, ಹಾಲೂಡಿಸಲೆಂದೇ ಮಾಡಿದ ಮೆತ್ತನೆಯ ಕುರ್ಚಿಯೊಂದು ಪ್ಲಾಸ್ಟಿಕ್ ಹೊದ್ದು ಕೂತಿದೆ. ಅದನ್ನು ದಿನಾ ಬೆಳಿಗ್ಗೆ ಒರೆಸುವುದು ಅವರೇ. ಮೊನ್ನೆ ಗಾರೆ ಕೆಲಸದ ಚಂದ್ರಬಾಯಿ ಸೋರುವ ಎದೆಹಾಲು ಹೀರುವ ಪ್ಯಾಡು ಕೊಳ್ಳಲು ಬಂದಳು. ಕಂಕುಳಲ್ಲಿದ್ದ ಕೂಸು ಚೀರತೊಡಗಿತು. “ಅಣ್ಣಾ, ಕೂಸಿಗಿ ಹಸಿವಾಗ್ಯಾದರಿ. ಆ ಕುರ್ಚಿಮ್ಯಾಲ ಜರಾ ಕುಂತು ಕುಡಸ್ಲೇನ್ರಿ?” “ಅದು ಡೆಮೊ ಪೀಸ್ ಮಾರಾಯ್ತಿ! ಕೂರ್ಲಿಕ್ಕೆ ಇಟ್ಟದ್ದಲ್ಲ.” ಅವಳು ಹೊರಗೆ ಮೆಟ್ಟಿಲ ಮೇಲೆ, ರಿಕ್ಷಾ ಸಾಲಿಗೆ ಬೆನ್ನು ಮಾಡಿ, ಸೆರಗು ಹೊದ್ದು ಕೂತಳು. ಕೂಸು ಸುಮ್ಮನಾಯಿತು. ಹರಿಶ್ಚಂದ್ರಣ್ಣ ಸುಮ್ಮನಾಗಲಿಲ್ಲ. ಮುಂದಿನ ಗಿರಾಕಿಗೆ ಗಾಜಿನಾಚೆಯ ಅವಳನ್ನು ತೋರಿಸುತ್ತ ಹಾಲೂಡಿಸುವಾಗ ಮರೆಗೆ ಹೊದೆಯುವ ಹೊದಿಕೆಯೊಂದನ್ನು ಬಿಡಿಸಿದರು: “ನೋಡಿ ಅಮ್ಮಾ, ಪಾಪ! ಇಂಥವರಿಗೋಸ್ಕರವೇ ನಾನು ಈ ಅಂಗಡಿ ಇಟ್ಟದ್ದು.”