ಸಿಹಿ ಏರಿಸುತ್ತೆ, ಹುಳಿ ಇಳಿಸುತ್ತೆ

ನನ್ನ ತಂಗಿಯ ಗಂಡನನ್ನು ಯಾರಾದರೂ ದರ್ಜಿ ಎಂದರೆ ಅವನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹೊಲಿಯುವವರು ಬೀದಿಗೊಬ್ಬರು ಸಿಗುತ್ತಾರೆ, ಕತ್ತರಿಸುವವನು ಊರಿಗೊಬ್ಬ ಎನ್ನುತ್ತಿದ್ದ. ಕೋಟು ಹೊಲಿಯುವ ಅಂಗಡಿಯಲ್ಲಿ ಅವನು ಕಟಿಂಗ್ ಮಾಸ್ಟರ್. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು ನಾನು. ಹಗಲಿನ ಮಾಸ್ಟರನ್ನು ಅಲ್ಲಿ ಕಣ್ಣಾರೆ ನೋಡುತ್ತಿದ್ದೆ, ಸಂಜೆಯ ಅವತಾರವನ್ನು ತಂಗಿಯ ಬಾಯಿಂದ ಕೇಳುತ್ತಿದ್ದೆ. ಇಬ್ಬರೂ ಒಬ್ಬನೇ ಎಂದು ನಂಬುವುದು ಕಷ್ಟವಾಗುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಕೈ ಮಾತ್ರ ಬಂಗಾರ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಒಮ್ಮೆ ಸವರಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದನೆಂದರೆ ಮತ್ತೆ ಅಳಿಸುವ ಮಾತಿಲ್ಲ. ಒಂದು ಭುಜ ತಗ್ಗಿದವರು, ಬೆನ್ನು ಬಾಗಿದವರು, ಹೊಟ್ಟೆ ಬಂದಿದೆ ಎಂದು ಒಪ್ಪದವರು, ಎಲ್ಲರೂ ಅವನ ಕೋಟು ತೊಟ್ಟರೆ ನೆಟ್ಟಗೆ ಕಾಣುತ್ತಿದ್ದರು. ಇಂಥ ಕೈ ಕೊಟ್ಟ ದೇವರು ಚಿಟಿಕೆ ಬುದ್ಧಿಯನ್ನೂ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕುಡಿತಕ್ಕೂ ಮಾಸ್ಟರ್ ಒಂದು ಶಾಸ್ತ್ರ ಮಾಡಿಕೊಂಡಿದ್ದ. ಉಂಡು ಕುಡಿದರೆ ಏರುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ, ಅಷ್ಟೇ. ಅದಕ್ಕಾಗಿ ಮಧ್ಯಾಹ್ನದಿಂದಲೇ ವ್ರತ. ತಂಗಿ ಕಟ್ಟಿಕೊಟ್ಟ ಡಬ್ಬಿ ಮುಚ್ಚಳ ತೆರೆಯದೆ ವಾಪಸು ಹೋಗುತ್ತಿತ್ತು. ಕುಡಿಯುತ್ತಿದ್ದುದು ಸಕ್ಕರೆ ಹಾಕದ ಕಪ್ಪು ಚಹಾ.

"ಅತ್ತಿಗೆ, ಇದು ಹೊಟ್ಟೇನ ಕ್ಲೀನಾಗಿ ಇಡುತ್ತೆ," ಎನ್ನುತ್ತಿದ್ದ.

"ಹೊಟ್ಟೆ ಕ್ಲೀನಾಗೇ ಇದೆ. ತಲೆ ಯಾವಾಗ ಕ್ಲೀನ್ ಮಾಡ್ತೀರಿ?" ಎಂದರೆ ನಗುತ್ತಿದ್ದ. ಆ ನಗು ಚೆನ್ನಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಮನೆಯಲ್ಲಿ ಇನ್ನೊಂದು ಶಾಸ್ತ್ರ. ತಂಗಿಯ ಅತ್ತೆ ಕುಡುಕ ಗಂಡನ ಜೊತೆ ಏಗಿ ಏಗಿ ಪಳಗಿದ ಹೆಂಗಸು. ಸಾಯುವಾಗ ಸೊಸೆಗೆ ಬಿಟ್ಟುಹೋದ ಆಸ್ತಿ ಒಂದೇ ಮಾತು: "ಸಿಹಿ ಏರಿಸುತ್ತೆ, ಹುಳಿ ಇಳಿಸುತ್ತೆ." ಮಾಸ್ಟರ್ ಒಮ್ಮೆ ಯಾರದೋ ಮನೆಯಲ್ಲಿ ಕೇಕು ತಿಂದು, ಆಮೇಲೆ ಕುಡಿದು, ಚರಂಡಿ ಪಕ್ಕ ಬಿದ್ದಿದ್ದ. ಬಿದ್ದದ್ದು ಬಾಟಲಿಯಿಂದಲೋ ಕೇಕಿನಿಂದಲೋ ಎಂದು ಯಾರೂ ಕೇಳಲಿಲ್ಲ. ಅತ್ತೆಯ ಮಾತಿಗೆ ಸಾಕ್ಷಿ ಸಿಕ್ಕಿತಲ್ಲ! ಅಂದಿನಿಂದ ಅವನು ಕುಡಿದು ಬಂದರೆ ತಂಗಿ ನಿಂಬೆಹುಳಿಗೆ ಉಪ್ಪು ಕದಡಿ ಕುಡಿಸುವಳು, ಮಲಗಿಸುವಳು, ಮಗಳಿಗೆ ಹೇಳುವಳು: "ಇಳೀಲಿ ಬಿಡು." ಆ ಮನೆಯಲ್ಲಿ ಏರುವುದು, ಇಳಿಯುವುದು ಎಂದರೆ ಮೆಟ್ಟಿಲಿನ ಮಾತಲ್ಲ. "ಇನ್ನೂ ಇಳಿದಿಲ್ಲ" ಎಂದರೆ ಬಾಗಿಲು ತೆಗೆಯಬೇಡ ಎಂದರ್ಥ. "ಇಳೀತು" ಎಂದರೆ ಎಲ್ಲರೂ ಉಸಿರು ಬಿಡುತ್ತಿದ್ದರು.

ಹೀಗಿರುವಾಗ ಊರಿನಲ್ಲಿ ಒಂದು ದೊಡ್ಡ ಹೋಟೆಲು ತೆರೆಯುವುದಿತ್ತು. ಅಲ್ಲಿನ ಸಿಬ್ಬಂದಿಗೆಲ್ಲ ಕೋಟು ಹೊಲಿಯುವ ಕೆಲಸ ನಮ್ಮ ಅಂಗಡಿಗೆ ಬಂತು. ಹಿಡಿದಿದ್ದ ಕೆಲಸವನ್ನೆಲ್ಲ ಮೂಲೆಗೆ ತಳ್ಳಿ ಅದೊಂದನ್ನೇ ಮಾಡಿದೆವು. ಮಾಸ್ಟರ್ ಆ ದಿನಗಳಲ್ಲಿ ಮೇಜು ಬಿಟ್ಟು ಕದಲಲಿಲ್ಲ. ಹಗಲು ಕಪ್ಪು ಚಹಾ, ಸಂಜೆ ಬಾಟಲಿ, ನಡುವೆ ಒಂದೆರಡು ಬಿಸ್ಕತ್ತು. ಮುಖ ಹಿಂಡಿದ ಬಟ್ಟೆಯಂತಾಗಿತ್ತು. ಕೊನೆಯ ಕೋಟು ಹೊರಟ ಸಂಜೆ ಅಂಗಡಿ ಮಾಲೀಕ ಖುಷಿಯಿಂದ ಅವನ ಕೈಗೆ ಒಂದು ದುಬಾರಿ ಬಾಟಲಿ ಇಟ್ಟ, ನಾಳೆ ರಜೆ ಎಂದ. ಕೂರಿಸಿ ಊಟ ಹಾಕಿಸಿದ್ದರೆ ಅಂಗಡಿ ಮುಳುಗಿಹೋಗುತ್ತಿತ್ತೇ? ನಾನು ಬಾಯಿಬಿಟ್ಟೇ ಕೇಳಿದೆ. ಮಾಲೀಕನಿಗೆ ಕಿವಿ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ತಿಳಿದದ್ದು ಆಮೇಲೆ, ತಂಗಿಯಿಂದ ಅರ್ಧ, ಅವಳ ಮಗಳಿಂದ ಅರ್ಧ. ಮಾಸ್ಟರ್ ಬೆವರಿನಲ್ಲಿ ತೊಯ್ದು, ನಡುಗುತ್ತ, ಗೋಡೆಗೆ ಒರಗಿ ಕೂತಿದ್ದನಂತೆ. ಕೇಳಿದ್ದಕ್ಕೆಲ್ಲ ಉತ್ತರ ಒಂದೇ: "ತೋಳು ಗಿಡ್ಡ ಆಯ್ತು, ಬಿಚ್ಚಿ." ತಂಗಿ ರೂಢಿಯಂತೆ ನಿಂಬೆ ಹಿಂಡಿ, ಉಪ್ಪು ಹಾಕಿ ಕುಡಿಸಿದಳು. ಕುಡಿದ. ಅಷ್ಟರಲ್ಲಿ ಮಗಳು ಬಿಸಿ ಹಾಲಿಗೆ ಕೈತುಂಬ ಸಕ್ಕರೆ ಹಾಕಿಕೊಂಡು ಬಂದಳು. ಅಪ್ಪ ಇಷ್ಟು ದಿನ ಏನೂ ತಿಂದಿಲ್ಲ, ಅದಕ್ಕೇ ನಡುಗುತ್ತಿದ್ದಾನೆ ಎಂದು ಆ ಮಗುವಿಗೆ ಹೊಳೆದಿತ್ತು. ಅವನೂ ಲೋಟಕ್ಕೆ ಕೈ ಚಾಚಿದ.

ತಂಗಿ ಮಗಳ ಕೈಗೆ ಪಟ್ಟನೆ ಹೊಡೆದಳು. ಹಾಲು ನೆಲದ ಪಾಲಾಯಿತು. "ನಿಂಗೇನು ತಲೆ ಕೆಟ್ಟಿದೆಯೇನೇ? ಇನ್ನೂ ಏರಿಸ್ಬೇಕಾ? ಇಳೀಲಿ ಬಿಡು!"

ಬಿಟ್ಟರು. ಅವನು ಮಲಗಿದ, ಗೊರಕೆ ಹೊಡೆದ. ಇಳಿಯುತ್ತಿದೆ ಎಂದುಕೊಂಡರು.

ರಜೆ ಇದೆಯೆಂದು ನಾನು ಮಧ್ಯಾಹ್ನ ಅತ್ತ ಹೋದೆ. ಕಾಲು ಮುಟ್ಟಿದರೆ ತಣ್ಣಗೆ. ಹಾಸಿಗೆ ಒದ್ದೆ. ಕರೆದರೆ ಇಲ್ಲ, ಗಿಲ್ಲಿದರೆ ಇಲ್ಲ. ಬಾಯಿ ಒಂದು ಕಡೆ ಎಳೆಯುತ್ತಿತ್ತು.

"ಆಸ್ಪತ್ರೆಗೆ ನಡಿ," ಎಂದೆ.

"ಅಯ್ಯೋ ಅಕ್ಕ, ಕುಡಿದವರನ್ನ ಹೊತ್ಕೊಂಡು ಬೀದೀಲಿ ಹೋಗೋದಾ? ಮಾನ ಹೋಗುತ್ತೆ. ಸಂಜೆ ಹೊತ್ತಿಗೆ ಇಳಿಯುತ್ತೆ."

"ನಿನ್ನ ಮಾನಕ್ಕಿಷ್ಟು ಬೆಂಕಿ ಹಾಕ! ಎತ್ತು ಆ ಕಡೆ ಕಾಲು."

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವನ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಕೈಯಲ್ಲಿದ್ದ ಪುಟ್ಟ ಯಂತ್ರ ನೋಡಿದರು. ನರ್ಸಿನ ಕಡೆ ತಿರುಗಿ, "ಪೂರ್ತಿ ಇಳಿದುಹೋಗಿದೆ," ಎಂದರು.

ನನ್ನ ತಂಗಿ ಎರಡೂ ಕೈ ಜೋಡಿಸಿದಳು. "ಇಳೀತಾ ಡಾಕ್ಟ್ರೇ? ಅಬ್ಬಾ, ಬದುಕಿದೆ! ಹಾಗಾದ್ರೆ ಮನೆಗೆ ಕರ್ಕೊಂಡು ಹೋಗ್ಲಾ?"

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಅಮ್ಮಾ, ಇಳಿದಿರೋದು ನಶೆ ಅಲ್ಲ. ರಕ್ತದಲ್ಲಿರೋ ಸಕ್ಕರೆ. ಎಷ್ಟು ಕಮ್ಮಿ ಅಂದ್ರೆ, ಈ ಮೆಷಿನ್ನಿಗೆ ಲೆಕ್ಕಾನೇ ಸಿಗ್ತಿಲ್ಲ." ಹೇಳುತ್ತಲೇ ಅವನ ನರಕ್ಕೆ ಸೂಜಿ ಚುಚ್ಚಿ ಸಕ್ಕರೆ ನೀರು ಹತ್ತಿಸಿದರು. "ಬೆಳಿಗ್ಗೆ ಏನಾದ್ರೂ ಕೊಟ್ರಾ?"

"ನಿಂಬೆಹುಳಿ, ಉಪ್ಪು."

"ಆಗ ನುಂಗ್ತಿದ್ರಾ?"

"ಹೂಂ, ಪೂರ್ತಿ ಕುಡಿದ್ರು."

"ಅದಕ್ಕೆ ಸಕ್ಕರೆ ಹಾಕಿರ್ಲಿಲ್ವಾ?"

ಹಿಂದೆ ನಿಂತಿದ್ದ ಹುಡುಗಿ ಹೊರಗೆ ನಡೆದಳು.

ಆಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪಿತ್ತಜನಕಾಂಗ, ಎಂದರೆ ಲಿವರ್, ನಾವು ಉಂಡದ್ದರಲ್ಲಿ ಒಂದಿಷ್ಟು ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ಹೊಟ್ಟೆ ಖಾಲಿಯಿದ್ದಾಗ ಅದನ್ನೇ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಉಪವಾಸ ಮುಂದುವರಿದರೆ ಆ ದಾಸ್ತಾನು ಮುಗಿಯುತ್ತದೆ. ಆಗ ಅದು ಮೈಯಲ್ಲಿರುವ ಬೇರೆ ಸಾಮಗ್ರಿಯಿಂದ ಹೊಸ ಸಕ್ಕರೆ ತಯಾರಿಸಬೇಕು. ಆ ಹೊತ್ತಿಗೆ ಸರಿಯಾಗಿ ಮದ್ಯ ಒಳಗೆ ಬಂದರೆ, ವಿಷ ಬಂತೆಂದು ಲಿವರ್ ಅದನ್ನು ಕರಗಿಸುವುದಕ್ಕೇ ನಿಲ್ಲುತ್ತದೆ, ಸಕ್ಕರೆಯ ತಯಾರಿ ನಿಂತುಹೋಗುತ್ತದೆ. ನನಗೆ ಚೆನ್ನಾಗಿ ಅರ್ಥವಾಯಿತು. ಹೋಟೆಲಿನ ಕೋಟು ಬಂದಾಗ ನಮ್ಮ ಅಂಗಡಿಯಲ್ಲಿ ಬೇರೆಯವರ ಬಟ್ಟೆ ಮೂಲೆಗೆ ಬಿದ್ದಿತ್ತಲ್ಲ, ಹಾಗೆ. ಇಲ್ಲಿ ಮೂಲೆಗೆ ಬಿದ್ದದ್ದು ಮಿದುಳಿನ ಊಟ.

"ಬೆವರು, ನಡುಕ, ತೊದಲು ಮಾತು, ಎಲ್ಲಾ ಕುಡಿದ ಹಾಗೇ ಕಾಣುತ್ತೆ. ಅದಕ್ಕೇ ಮನೆಯವರಿಗೆ ಗೊತ್ತಾಗಲ್ಲ," ಎಂದರು. "ತುಂಬಾ ಹೊತ್ತು ಹಾಗೇ ಬಿಟ್ಟಿದೀರಿ. ಜೀವ ಉಳಿಯಬಹುದು. ಮಿದುಳಿನ ವಿಷಯ ನಾನು ಏನೂ ಹೇಳಲಾರೆ."

ಜೀವ ಉಳಿಯಿತು. ಮಾಸ್ಟರ್ ಕಣ್ಣು ಬಿಟ್ಟ, ಎದ್ದು ಕೂತ, ಕೆಲವು ವಾರಗಳಲ್ಲಿ ನಡೆದ. ಕತ್ತರಿ ಕೊಟ್ಟರೆ ಹಿಡಿಯುತ್ತಾನೆ, ಯಾಕೆ ಹಿಡಿದೆನೆಂದು ತಿಳಿಯುವುದಿಲ್ಲ. ಹೆಂಡತಿಯ ಗುರುತು ಒಂದೊಂದು ದಿನ ಸಿಗುತ್ತದೆ. ಮಗಳನ್ನು ಗಿರಾಕಿ ಎಂದುಕೊಂಡು, "ಬನ್ನಿಮ್ಮಾ, ಕೂತ್ಕೊಳ್ಳಿ," ಎನ್ನುತ್ತಾನೆ. ತಾನು ಕುಡಿಯುತ್ತಿದ್ದೆ ಎಂಬುದೇ ಅವನಿಗೆ ಮರೆತುಹೋಗಿದೆ. ಪಕ್ಕದ ಮನೆಯಾಕೆ ಬಂದು, "ಅಂತೂ ಕುಡಿತ ಬಿಟ್ರಲ್ಲ, ನಿನ್ನ ಪುಣ್ಯ ಕಣೆ," ಎಂದು ನನ್ನ ತಂಗಿಯ ಬೆನ್ನು ಸವರಿದಳು. ಆ ಹೆಂಗಸನ್ನು ಜುಟ್ಟು ಹಿಡಿದು ಹೊರಗೆ ದಬ್ಬಬೇಕೆನಿಸಿತು ನನಗೆ. ತಂಗಿ "ಹೂಂ" ಎಂದಳು, ಬೇರೇನು ಹೇಳಿಯಾಳು?

ಮಗಳು ತಾಯಿಯ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಜಗಳವಿಲ್ಲ, ಕೂಗಾಟವಿಲ್ಲ. ಅದಾದರೂ ಇದ್ದಿದ್ದರೆ ಎನಿಸುತ್ತದೆ.

ಕಳೆದ ಭಾನುವಾರ ತಂಗಿ ಗಂಡನಿಗೆ ಊಟ ತಿನ್ನಿಸುತ್ತ ಕೂತಿದ್ದಳು. ತಿನ್ನಿಸುತ್ತಲೇ, ನನ್ನ ಮುಖ ನೋಡದೆ ಕೇಳಿದಳು: "ಅಕ್ಕ, ನಿಜ ಹೇಳು. ಅವತ್ತು ಆ ಹಾಲು ಕುಡಿಯೋಕೆ ಬಿಟ್ಟಿದ್ರೆ ಇವರು ಸರಿ ಹೋಗ್ತಿದ್ರಾ?"

ಈ ಜನ್ಮದಲ್ಲಿ ನಾನು ನಾಲಿಗೆ ಬಿಗಿ ಹಿಡಿದವಳಲ್ಲ. ಆದರೂ ಒಡಹುಟ್ಟಿದವಳ ಮುಖ ನೋಡಿ ಸುಳ್ಳು ಹೇಳಿದೆ. "ಹುಚ್ಚೀ, ಒಂದು ಲೋಟ ಹಾಲಿಂದ ಏನಾಗ್ತಿತ್ತೇ? ಎಲ್ಲಾ ಹಣೇಲಿ ಬರೆದಿದ್ದು. ಸುಮ್ನೆ ಏನೇನೋ ತಲೆಗೆ ಹಚ್ಕೋಬೇಡ."

ಹುಡುಗಿ ಹೊರಗೆ ಹೊರಟವಳು ಬಾಗಿಲಲ್ಲಿ ನಿಂತಿದ್ದಳು. ಅವಳು ಅಲ್ಲಿರುವುದು ನನಗೆ ಕಂಡಿರಲಿಲ್ಲ.

"ದೊಡ್ಡಮ್ಮ," ಎಂದಳು, "ನಾನು ಡಾಕ್ಟರನ್ನ ಕೇಳಿದೀನಿ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೋದಳು. ತಂಗಿಯ ಕೈ ತಟ್ಟೆಯಲ್ಲೇ ಉಳಿಯಿತು. ಮಾಸ್ಟರ್ ಮುಂದಿನ ತುತ್ತಿಗೆ ಬಾಯಿ ತೆರೆದುಕೊಂಡು ಕೂತಿದ್ದ.